ಮೇಣದೊಳಗಿನ ಮೊಟ್ಟೆ

ಎರಡು ಗಂಟೆಗೆ ಮೊಟ್ಟೆ ತೆರೆಯಲಾಗುವುದು ಎಂದು ಬೋರ್ಡು ಹಾಕಿದ್ದರು. ಈಗ ಹನ್ನೆರಡಾಗಿತ್ತು. ಪ್ರೋಕಿಪ್ ಬೋರ್ಡಿಗೆ ಬೆನ್ನು ಮಾಡಿ ಕುಳಿತಿದ್ದ. ಹಾಗೆ ಕುಳಿತರೆ ಅದರಿಂದ ತಪ್ಪಿಸಿಕೊಂಡಂತಾಗುತ್ತದೆ ಎಂದುಕೊಂಡಿದ್ದು ಸುಳ್ಳಾಯಿತು. ಎದುರಿನಿಂದ ಬಂದವರ ಕಣ್ಣುಗಳು ಮೊದಲು ಅವನ ತಲೆಯ ಮೇಲಕ್ಕೆ ಹೋಗಿ, ಅಲ್ಲಿದ್ದದ್ದನ್ನು ಓದಿ, ಆಮೇಲೆ ಕೆಳಗಿಳಿದು ಅವನ ಮುಖದ ಮೇಲೆ ನಿಂತು ಮೆತ್ತಗಾಗುತ್ತಿದ್ದವು. 'ತೆಕ್ಲಾ ಬರೆದ ಕೊನೆಯ ಮೊಟ್ಟೆ. ಅವರ ಯಜಮಾನರ ಕೈಯಿಂದ.' ಹೀಗೆ ಮೆತ್ತಗಾಗುವ ಕಣ್ಣುಗಳನ್ನು ಏಪ್ರಿಲಿನಿಂದ ಅವನು ಸಾಕಷ್ಟು ನೋಡಿದ್ದ. ಅವು ಬಂದಾಗ ಒಮ್ಮೆ ತಲೆಯಾಡಿಸಿ ಕೈಯಲ್ಲಿದ್ದ ಕೆಲಸ ಮುಂದುವರಿಸಿದರೆ ಮುಗಿಯಿತು, ಮುಂದಕ್ಕೆ ಹೋಗುತ್ತಾರೆ. ಕಸೂತಿ ಅಂಗಿಯ ಕೊರಳು ಬಿಗಿಯಾಗಿತ್ತು. ತೆಕ್ಲಾ ಇದ್ದಿದ್ದರೆ ಮೇಲಿನ ಗುಂಡಿ ಬಿಚ್ಚಿಕೋ ಎನ್ನುತ್ತಿದ್ದಳು. ಆ ನೆನಪಿಗೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಅವನು ಕಾದು ನೋಡಿದ. ಅಂಗಿ ಬಿಗಿಯಾಗಿದೆ ಎಂದಷ್ಟೇ ಅನ್ನಿಸಿತು.

ಚಳಿಗಾಲದಲ್ಲಿ ಕರ್ಲಿಂಗ್ ಆಡುವ ಉದ್ದನೆಯ ಶೆಡ್ಡು ಅದು. ಆಗಸ್ಟಿನಲ್ಲಿ ಮಂಜುಗಡ್ಡೆ ಇಲ್ಲದೆ ಬರೀ ಸಿಮೆಂಟು ನೆಲ. ಅದರ ಮೇಲೆ ಸಾಲಾಗಿ ಮೇಜುಗಳು. ಒಂದರಲ್ಲಿ ಗೋಧಿ ಹುಲ್ಲು ಹೆಣೆಯುವವರು, ಒಂದರಲ್ಲಿ ಮದುವೆ ರೊಟ್ಟಿಗೆ ಹಿಟ್ಟಿನ ಹಕ್ಕಿ ಮಾಡುವವರು, ಪಕ್ಕದಲ್ಲಿ ಕಸೂತಿಯ ಹಾಫಿಯಾ ಅಜ್ಜಿ. ಹೊರಗಿನ ವೇದಿಕೆಯಿಂದ ಅಕಾರ್ಡಿಯನ್ ಸದ್ದು, ಕುಣಿಯುವ ಮಕ್ಕಳ ಬೂಟಿನ ಸದ್ದು, ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ. ಉಕ್ರೇನಿನಿಂದ ಬಂದು ಈ ಸಾಸ್ಕಾಚೆವಾನಿನ ಬಯಲನ್ನು ಉತ್ತವರ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಅಜ್ಜ ಅಜ್ಜಿಯರಂತೆ ಬಟ್ಟೆ ತೊಟ್ಟು ಓಡಾಡುವ ಮೂರು ದಿನ. ಮೂವತ್ತೆಂಟು ವರ್ಷ ತೆಕ್ಲಾ ಈ ಮೇಜಿನಲ್ಲಿ ಮೊಟ್ಟೆ ಬರೆದಿದ್ದಳು. ಬರೆಯುವುದು ಎಂದೇ ಹೇಳಬೇಕು, ಬಣ್ಣ ಹಾಕುವುದು ಎಂದರೆ ಅವಳಿಗೆ ಸಿಟ್ಟು. ಪ್ರೋಕಿಪ್‌ನದು ಒರೆಸುವ ಕೆಲಸ. ಬರೆದು ಮುಗಿದ ಮೊಟ್ಟೆಯನ್ನು ಮೇಣದಬತ್ತಿಯ ಉರಿಯ ಪಕ್ಕ ಹಿಡಿದು, ಮೇಣ ಕರಗಿ ಹೊಳೆಯುವಷ್ಟರಲ್ಲಿ ಬಟ್ಟೆಯಿಂದ ಒಂದು ಸಲ ಮೆಲ್ಲಗೆ ಒರೆಸಿದರೆ ಒಳಗಿನ ಬಣ್ಣ ಒಮ್ಮೆಲೇ ಎದ್ದು ಬರುತ್ತಿತ್ತು. ಜನ ಉಸಿರೆಳೆದುಕೊಳ್ಳುತ್ತಿದ್ದುದು ಆಗಲೇ. "ಮೂರು ದಿನ ಕೂತು ಬರೆಯೋಳು ನಾನು, ಚಪ್ಪಾಳೆ ಹೊಡಿಸ್ಕೊಳ್ಳೋನು ನೀನು" ಎಂದು ತೆಕ್ಲಾ ಅವನನ್ನು ತಿವಿಯುತ್ತಿದ್ದಳು.

ಈ ವರ್ಷ ಬರೆಯುವ ಕುರ್ಚಿಯಲ್ಲಿ ಲೂಬಾ ಕುಳಿತಿದ್ದಳು. ತೆಕ್ಲಾಳ ಶಿಷ್ಯೆ, ಹಬ್ಬದ ಸಮಿತಿಗೆ ಕಾರ್ಯದರ್ಶಿ, ಐವತ್ತರ ಹೆಂಗಸು. ಅವಳ ಮಗಳ ಜ್ಞಾನಸ್ನಾನದಲ್ಲಿ ತೆಕ್ಲಾ ಧರ್ಮತಾಯಿಯಾಗಿ ನಿಂತಿದ್ದಳು. ಅಂದಿನಿಂದ ಎರಡು ಮನೆಯವರೂ ಒಬ್ಬರನ್ನೊಬ್ಬರು ಕೂಮಾ ಎಂದು ಕರೆಯುವುದು ರೂಢಿ. ಲೂಬಾ ಕೈಗಿಂತ ಬಾಯಿಯಲ್ಲಿ ಹೆಚ್ಚು ಬರೆಯುತ್ತಾಳೆ ಎಂದು ತೆಕ್ಲಾ ಹೇಳುತ್ತಿದ್ದದ್ದು ಸುಳ್ಳಲ್ಲ.

"ಎಲ್ಲಿ ಬಿಳಿ ಉಳೀಬೇಕೋ ಅಲ್ಲಿ ಮೊದಲು ಮೇಣ," ಎಂದು ಅವಳು ಎದುರಿಗೆ ನಿಂತ ನಗರದ ಗಂಡಹೆಂಡಿರಿಗೆ ಹೇಳುತ್ತಿದ್ದಳು. "ಆಮೇಲೆ ಹಳದೀಲಿ ಅದ್ದೋದು. ಹಳದಿ ಉಳೀಬೇಕಾದ ಕಡೆ ಮೇಣ. ಆಮೇಲೆ ಕೆಂಪು. ಕೊನೇಗೆ ಕಪ್ಪು. ಅಷ್ಟೊತ್ತಿಗೆ ಮೊಟ್ಟೆ ಕೆಸರಲ್ಲಿ ಬಿದ್ದ ಆಲೂಗೆಡ್ಡೆ ಥರ ಕಾಣತ್ತೆ. ಒಳಗೇನಿದೆ ಅಂತ ಬರೆದೋರಿಗೆ ಮಾತ್ರ ಗೊತ್ತು."

"ಮಧ್ಯದಲ್ಲಿ ತಪ್ಪಾದ್ರೆ?"

"ತಪ್ಪಾದ್ರೆ ತಪ್ಪೇ. ಅಳಿಸೋ ಹಾಗಿಲ್ಲ."

"ಇದೇನು, ಮರದ್ದಾ?"

"ಅಯ್ಯೋ, ಇಲ್ಲ! ಕೋಳೀದೇ. ಹಸೀದು. ಬೇಯಿಸಲ್ಲ, ತೂತು ಮಾಡಲ್ಲ. ಜೀವ ಇರೋ ಮೊಟ್ಟೆಗೇ ಬರೀಬೇಕು. ವರ್ಷಗಟ್ಟಲೆ ಇಟ್ರೆ ಒಳಗೊಳಗೇ ಒಣಗತ್ತೆ. ನಮ್ಮ ಕೂಮಾ ಒರೆಸ್ತಾರೆ ನೋಡಿ, ಊರಲ್ಲಿ ಅವರಂಥ ಒರೆಸೋ ಕೈ ಇನ್ನೊಂದಿಲ್ಲ."

ಪ್ರೋಕಿಪ್ ಒರೆಸಿದ. ಲೂಬಾಳ ಕೆಂಪು ಜಿಂಕೆಯೊಂದು ಎದ್ದು ಬಂತು. ಗಂಡಹೆಂಡಿರು ಉಸಿರೆಳೆದುಕೊಂಡರು. ಜಿಂಕೆಯ ಹಿಂಗಾಲು ಮುಂಗಾಲಿಗಿಂತ ಗಿಡ್ಡವಾಗಿತ್ತು. ಅದು ಅವರಿಗೆ ಕಾಣಲಿಲ್ಲ. ಅವನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಇನ್ನೊಂದು ಮೊಟ್ಟೆ ಇತ್ತು. ಹನ್ನೊಂದು ಮೈಲಿ ಅದನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುವಷ್ಟು ನಿಧಾನವಾಗಿ ಟ್ರಕ್ಕು ಓಡಿಸಿಕೊಂಡು ಬಂದಿದ್ದ. ಒಂದು ಚಕ್ರ ಹಳ್ಳಕ್ಕಿಳಿಸಿದ್ದರೆ ಆಗುತ್ತಿತ್ತು. ಮೊಟ್ಟೆ ಜಾರಿ ಬಿತ್ತು ಎಂದರೆ ಯಾರು ಕೇಳುತ್ತಿದ್ದರು? ಮನೆಯಿಂದ ಹೊರಡುವಾಗ ಅದೇ ಯೋಚನೆಯಲ್ಲಿದ್ದ. ಆದರೆ ಕೈಗಳಿಗೆ ಅವನ ಯೋಚನೆ ಗೊತ್ತಿರಲಿಲ್ಲ, ಅವು ತಮ್ಮ ಪಾಡಿಗೆ ತಾವು ಜೋಪಾನ ಮಾಡಿದವು.

ತಪ್ಪು ಅವನದೇ. ತೆಕ್ಲಾಳ ಮಣ್ಣಿನ ದಿನ, ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆಯುತ್ತಿದ್ದಾಗ, ಎಲೆಕೋಸಿನ ಸುರುಳಿಯನ್ನು ತಟ್ಟೆಯಲ್ಲಿ ಆ ಕಡೆಯಿಂದ ಈ ಕಡೆಗೆ ಉರುಳಿಸುತ್ತ ಕುಳಿತಿದ್ದವನ ಪಕ್ಕಕ್ಕೆ ಲೂಬಾ ಬಂದು, ಅತ್ತು ಕೆಂಪಾದ ಕಣ್ಣಿನಲ್ಲಿ, ಏನಾದರೂ ಮಾತಾಡಿ ಕೂಮಾ ಎಂದಿದ್ದಳು. ಏನಾದರೂ ಮಾತಾಡಬೇಕೆಂದು ಅವನು ಹುಡುಕಿದ. ಸಿಕ್ಕಿದ್ದು ಇದು: "ಒಂದು ಮೊಟ್ಟೆ ಇನ್ನೂ ಮೇಣದಲ್ಲೇ ಇದೆ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಲೂಬಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅದನ್ನು ಹಬ್ಬದಲ್ಲಿ ಎಲ್ಲರ ಮುಂದೆ ತೆರೆಯಬೇಕೆಂದು ಜೂನಿನಲ್ಲಿ ಸಮಿತಿಯಲ್ಲಿ ಠರಾವಾಯಿತು. ಜುಲೈಯಲ್ಲಿ ಕಾಗದ ಬಂತು. ಬೇಡ ಎನ್ನಲು ಒಂದು ಕಾರಣ ಕೊಡಬೇಕಿತ್ತು, ಅವನ ಹತ್ತಿರ ಇದ್ದ ಕಾರಣ ಹೇಳುವಂಥದ್ದಲ್ಲ.

ಹೋದ ಸೆಪ್ಟೆಂಬರಿನಲ್ಲಿ ಗೆರೆ ತಪ್ಪಿದ ಮೊದಲ ಮೊಟ್ಟೆ. ಅವಳು ಬರೆದು ಕೊಟ್ಟಳು, ಅವನು ಉರಿಯ ಪಕ್ಕ ಹಿಡಿದು ಒರೆಸಿದ, ಎಂಟು ಕಿರಣದ ಸೂರ್ಯನಿಗೆ ಐದೇ ಕಿರಣ. ಹೊಸ ಚಿತ್ತಾರವಾ ಎಂದು ಕೇಳಿದ್ದಕ್ಕೆ ಅವಳು ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರು ಬರೆದಿದ್ದು ಇದನ್ನ?" ಎಂದಳು. ತಮಾಷೆ ಎಂದು ಅವನು ನಕ್ಕ. ಅದಾದ ಮೇಲೆ ಏಣಿಗೆ ಮೆಟ್ಟಿಲಿರುತ್ತಿರಲಿಲ್ಲ, ಮೀನಿಗೆ ಬಾಲವಿರುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನಡುಗೆರೆ. ಮೊಟ್ಟೆಯ ನಡುವಿಗೆ ಸುತ್ತಿ ಬರುವ ಅಲೆಗೆರೆ ಹೊರಟ ಜಾಗಕ್ಕೇ ಬಂದು ಕೂಡಬೇಕು. ಕೂಡದಿದ್ದರೆ ಅಂಥ ಮೊಟ್ಟೆಯನ್ನು ಯಾರ ಮನೆಗೂ ಕೊಡುವಂತಿಲ್ಲ, ಆ ಮನೆಯವರ ಆಯಸ್ಸು ಅಷ್ಟಕ್ಕೇ ನಿಂತುಬಿಡುತ್ತದೆ ಎನ್ನುತ್ತಾರೆ. ತೆಕ್ಲಾಳ ಗೆರೆ ಹೊರಟ ಕಡೆಯಿಂದ ಅರ್ಧ ಬೆರಳು ಕೆಳಗೆ ಬಂದು, ಗಾಬರಿಯಾದವರ ಹಾಗೆ ಅಲ್ಲೇ ನಿಂತಿರುತ್ತಿತ್ತು. ಇಂಥ ಒಂಬತ್ತು ಮೊಟ್ಟೆಗಳನ್ನು ಅವನು ಕೊಟ್ಟಿಗೆಯ ಹಿಂದೆ ಹೂತ. ಎಲ್ಲಿ ಹೋಯಿತು ನನ್ನ ಮೊಟ್ಟೆ ಎಂದು ಅವಳು ಕೇಳಿದರೆ, ಪಾದ್ರಿಗಳು ಇಷ್ಟಪಟ್ಟು ತಗೊಂಡರು ಎನ್ನುತ್ತಿದ್ದ. "ಎಲ್ಲಾನೂ ಅವರೇ ತಗೊಂಡ್ರಾ?" ಎಂದು ಒಂದು ಸಲ ಕೇಳಿ, ಅವನನ್ನೇ ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಮರೆವಿತ್ತೋ ಅರಿವಿತ್ತೋ ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಯಾರಿಗೂ ತಿಳಿಯಬಾರದೆಂದು ಅವನು ಚರ್ಚಿಗೆ ಹೋಗುವುದನ್ನು ನಿಲ್ಲಿಸಿದ, ಬಂದವರನ್ನು ಅವಳು ಮಲಗಿದ್ದಾಳೆಂದು ಬಾಗಿಲಲ್ಲೇ ಸಾಗಹಾಕಿದ. ಇಡೀ ಪ್ರಾಂತದಲ್ಲಿ ತೆಕ್ಲಾಳ ಗೆರೆಯಂಥ ಗೆರೆ ಇಲ್ಲ ಎನ್ನುತ್ತಿದ್ದ ಬಾಯಿಗಳು ಅವಳ ಬಗ್ಗೆ ಅಯ್ಯೋ ಪಾಪ ಎನ್ನುವುದನ್ನು ಅವನಿಂದ ಕೇಳಲಾಗುತ್ತಿರಲಿಲ್ಲ.

"ಏನಪ್ಪಾ ಪ್ರೋಕಿಪ್, ಉಪವಾಸಾನಾ?" ಪಕ್ಕದ ಮೇಜಿನಿಂದ ಹಾಫಿಯಾ ಅಜ್ಜಿ ಕೇಳಿದಳು. ಎಂಬತ್ತೆಂಟು ವರ್ಷ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ, ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. "ಹೋಗಿ ಏನಾದ್ರೂ ತಿನ್ನು. ಅಲ್ಲಿ ಆಲೂಗೆಡ್ಡೆ ಕಡುಬು ಮಾಡ್ತಿದಾರೆ. ಹಿಟ್ಟು ಚರ್ಮದ ಹಾಗಿದೆ, ಆದ್ರೂ ಹೊಟ್ಟೆಗೆ ಆಗತ್ತೆ."

"ಹಸಿವಿಲ್ಲ ಅಜ್ಜಿ."

"ಹಸಿವಾಗೋಕೆ ನೀನೇನು ಕೆಲಸ ಮಾಡ್ದೆ ಅಂತ? ಒರೆಸೋದು! ನನ್ನ ಗಂಡಾನೂ ಒರೆಸ್ತಿದ್ದ, ಮೀಸೇನ." ಅವಳು ತಾನೇ ನಕ್ಕಳು. ಆಮೇಲೆ ದಾರವನ್ನು ಹಲ್ಲಿನಿಂದ ಕಡಿಯುತ್ತ, ಅವನ ತೊಡೆಯ ಮೇಲಿನ ಟವೆಲನ್ನು ನೋಡಿ, "ಅದಾ?" ಎಂದಳು.

"ಹೂಂ."

"ನಿನಗೆ ಮನಸ್ಸಿಲ್ಲದಿದ್ರೆ ತೆಗೀಬೇಡ ಕಣೋ. ಲೂಬಾಗೇನು, ಅವಳು ಬೋರ್ಡ್ ಬರೆಯೋಕೇ ಹುಟ್ಟಿರೋಳು."

ಬೇಡ ಎಂದಿದ್ದರೆ ಅಜ್ಜಿ ಎದ್ದು ಬಂದು ಬೋರ್ಡು ಕಿತ್ತುಹಾಕುತ್ತಿದ್ದಳೇನೋ. ಆದರೆ ಬೇಡ ಎಂದ ಮೇಲೆ ಯಾಕೆ ಎಂಬುದು ಹುಟ್ಟುತ್ತದೆ, ಯಾಕೆ ಎಂಬುದರಿಂದ ಹೋದ ಚಳಿಗಾಲದ ಮುಚ್ಚಿದ ಬಾಗಿಲು ತೆರೆಯುತ್ತದೆ. ಟವೆಲಿನೊಳಕ್ಕೆ ಹೆಬ್ಬೆರಳು ಹಾಕಿ ಮೊಟ್ಟೆಯನ್ನು ಸವರಿದ. ಮೇಣದ ಗೆರೆಗಳು ಸಣ್ಣ ಬದುಗಳಾಗಿ ಬೆರಳಿಗೆ ಸಿಕ್ಕವು. ಕುರುಡರು ಓದುವಂತೆ ಬೆರಳಿನಿಂದಲೇ ಓದಬಹುದೇನೋ ಎಂದು ಈ ಬೇಸಿಗೆಯಲ್ಲಿ ಎಷ್ಟೋ ಬೆಳಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಪ್ರಯತ್ನಿಸಿದ್ದ. ಐವತ್ತು ವರ್ಷ ಟ್ರ್ಯಾಕ್ಟರು ಹಿಡಿದ ಬೆರಳು, ಏನೂ ತಿಳಿಯಲಿಲ್ಲ. ಒಂದೆರಡು ಸಲ ಮೇಣದಬತ್ತಿ ಹಚ್ಚಿಯೂ ಇದ್ದ. ಹಚ್ಚಿ, ಆರಿಸಿದ್ದ. ಮೇಣದಲ್ಲಿ ಇರುವಷ್ಟು ದಿನ ಅದು ಸರಿಯಾಗಿಯೂ ಇರಬಹುದು.

ಫೆಬ್ರವರಿಯ ಒಂದು ಬೆಳಗ್ಗೆ ಬರೆದದ್ದು. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದು ಅಡುಗೆಮನೆಯ ಚಾವಣಿಯೆಲ್ಲ ಬೆಳ್ಳಗಾಗಿತ್ತು. ತೆಕ್ಲಾ ತಾನೇ ಎದ್ದು, ತಾನೇ ಜಡೆ ಹಾಕಿಕೊಂಡು, ಮೇಣ ತುಂಬಿ ಬರೆಯುವ ಕಡ್ಡಿಯನ್ನು ಉರಿಯಲ್ಲಿ ಕಾಯಿಸುತ್ತ ಕುಳಿತಿದ್ದಳು. ಅವನಿಗೆ ಅದನ್ನು ನೋಡಿದಾಗ ಆಯಾಸವಾಯಿತು. ಹತ್ತನೆಯದು, ಮತ್ತೆ ಸುಳ್ಳು, ಮತ್ತೆ ಮಂಜುಗಟ್ಟಿದ ಮಣ್ಣಿನಲ್ಲಿ ಗುದ್ದಲಿ ಇಳಿಯದ ಒದ್ದಾಟ. "ಸಾಕು ಬಿಡು ತೆಕ್ಲಾ. ಇದೆಲ್ಲ ಈಗ ನಿನ್ ಕೈಲಾಗಲ್ಲ" ಎಂದು ಕಡ್ಡಿಯನ್ನು ಅವಳ ಕೈಯಿಂದ ಕಿತ್ತುಕೊಂಡ. ಕಿತ್ತುಕೊಂಡ ರಭಸಕ್ಕೆ ಬಿಸಿ ಮೇಣ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಅಂಗೈ ಚಾಚಿ, ಮಗುವಿನಿಂದ ಚಾಕು ಕೇಳುವವರ ಹಾಗೆ, "ಕೊಡು" ಎಂದಳು. ಅವನು ಕೊಟ್ಟು ಹೊರಗೆ ಹೋದ. ಮನೆಯಲ್ಲಿ ಜಗಳವಾದ ದಿನ ಮೊಟ್ಟೆ ಬರೆಯಬಾರದು, ಅದು ಹಳೇ ನೇಮ, ಅವಳೇ ಎಲ್ಲ ಶಿಷ್ಯೆಯರಿಗೂ ಮೊದಲು ಹೇಳಿಕೊಡುತ್ತಿದ್ದ ಪಾಠ. ಆದರೂ ಬರೆದಳು. ಸಂಜೆ ಅವನು ಒಳಗೆ ಬಂದಾಗ ಮೊಟ್ಟೆ ಕಪ್ಪು ಬಣ್ಣದಿಂದ ಎದ್ದು ಬಟ್ಟೆಯ ಮೇಲೆ ಒಣಗುತ್ತಿತ್ತು. "ಒರೆಸ್ತೀಯಾ?" ಎಂದು ಕೇಳಿದಳು. ನಾಳೆ ಎಂದ. ಮಾರನೆಯ ದಿನ ಅವಳು ಕೇಳಲಿಲ್ಲ, ಅವನು ಒರೆಸಲಿಲ್ಲ. ಮಣಿಕಟ್ಟಿನ ಮೇಲಿನ ಕೆಂಪು ಕಲೆ ಏಪ್ರಿಲಿನಲ್ಲಿ ಪೆಟ್ಟಿಗೆ ಮುಚ್ಚುವಾಗಲೂ ಮಾಸಲಾಗಿ ಇತ್ತು. ಲೂಬಾ ಅದರ ಮೇಲೆ ಕಸೂತಿಯ ತೋಳನ್ನು ಎಳೆದು ಸರಿಮಾಡಿದ್ದಳು.

ಒಂದೂಮುಕ್ಕಾಲಿಗೆ ಕುರ್ಚಿಗಳು ತುಂಬತೊಡಗಿದವು. ಪಾದ್ರಿಗಳು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ತೆರೆದ ಮೇಲೆ ಮೊಟ್ಟೆಯನ್ನಿಡಲು ಲೂಬಾ ಗಾಜಿನ ಗುಮ್ಮಟವೊಂದನ್ನು ತಂದಿಟ್ಟಿದ್ದಳು, ಅದರ ಪೀಠದ ಮೇಲೆ ತೆಕ್ಲಾಳ ಹೆಸರು ಕೊರೆಸಿ. ಆ ಗುಮ್ಮಟ ಚರ್ಚಿನ ಹಾಲಿನಲ್ಲಿ ಬಾಗಿಲ ಪಕ್ಕದಲ್ಲೇ ಇರುತ್ತದೆ. ಬರುವವರೆಲ್ಲ ನಿಂತು ನೋಡುತ್ತಾರೆ. ಅರ್ಧ ಬೆರಳು ತಪ್ಪಿದ ಗೆರೆಯನ್ನು ನೋಡುತ್ತಾರೆ, ಇನ್ನು ಎಷ್ಟು ವರ್ಷವೋ. ಪ್ರೋಕಿಪ್‌ಗೆ ಆಗ ಹೊಳೆಯಿತು. ಬಹಳ ಸುಲಭವಿತ್ತು. ಮೊಟ್ಟೆಯನ್ನು ಉರಿಯ ಪಕ್ಕದಲ್ಲಿ ಹಿಡಿಯಬೇಕು, ಮೇಲೆ ಹಿಡಿಯಬಾರದು; ಮೇಲೆ ಹಿಡಿದರೆ ಮಸಿ ಮೇಣದೊಳಕ್ಕೆ ಇಳಿದು ಬಿಳಿಯೆಲ್ಲ ಕರ್ರಗಾಗಿ ಆಮೇಲೆ ಏನು ತಿಕ್ಕಿದರೂ ಬಿಡುವುದಿಲ್ಲ. ಮೊದಲ ವರ್ಷದ ಹುಡುಗಿಯರು ಮಾಡುವ ತಪ್ಪು. ಅವನು ಮಾಡಿದರೆ ಮುದುಕನ ಕೈ ನಡುಗಿತು ಎನ್ನುತ್ತಾರೆ, ಅವನ ಮಾನ ಹೋಗುತ್ತದೆ, ಅವಳದು ಉಳಿಯುತ್ತದೆ. ಈ ಲೆಕ್ಕ ಅವನಿಗೆ ಒಪ್ಪಿಗೆಯಾಯಿತು. ಸಮಾಧಾನವೇನೂ ಆಗಲಿಲ್ಲ, ಆದರೆ ಹಸಿವಾಯಿತು.

"ತೆಕ್ಲಾ ಅವರ ಗೆರೇನ ನಾವು ಇನ್ನೊಂದೇ ಒಂದು ಸಲ ನೋಡೋಣ," ಎಂದು ಲೂಬಾ ಹೇಳಿ ಮೈಕು ಕೆಳಗಿಟ್ಟಳು. ಪ್ರೋಕಿಪ್ ಟವೆಲು ಬಿಚ್ಚಿದ. ಯಾರೋ ಕೆಮ್ಮಿದರು. ಮೊಟ್ಟೆಯನ್ನು ಎತ್ತಿದ, ಕೈ ತಾನಾಗಿ ಉರಿಯ ಪಕ್ಕಕ್ಕೆ ಹೋಗಿ ಅಲ್ಲೇ ನಿಂತಿತು, ಒಂದು ಬೆರಳು ದೂರ, ಮೂವತ್ತೆಂಟು ವರ್ಷ ನಿಂತ ಜಾಗದಲ್ಲಿ. ಅದನ್ನು ಅಲ್ಲಿಂದ ಅಲುಗಿಸುವುದು ಇಷ್ಟು ಕಷ್ಟವಾಗುತ್ತದೆಂದು ಅವನು ಎಣಿಸಿರಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಹಟಮಾರಿ ಎತ್ತನ್ನು ತಿರುಗಿಸುವಂತೆ ತಿರುಗಿಸಿ, ಮೊಟ್ಟೆಯನ್ನು ನೇರ ಉರಿಯ ನೆತ್ತಿಗೆ ತಂದ.

"ಪಕ್ಕಕ್ಕೆ ಕೂಮಾ," ಎಂದಳು ಲೂಬಾ, ಮೆಲ್ಲಗೆ. ಮತ್ತೆ ಸ್ವಲ್ಪ ಜೋರಾಗಿ, "ಕೂಮಾ, ಮೇಲೆ ಅಲ್ಲ, ಪಕ್ಕಕ್ಕೆ! ಮಸಿ ಹತ್ತತ್ತೆ!" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇನ್ಯಾರೋ ಸುಮ್ಮನಿರಿಸಿದರು. ಮಸಿ ಸುರುಳಿ ಸುರುಳಿಯಾಗಿ ಹತ್ತುವುದನ್ನು ಅವನು ನೋಡಿದ. ಇನ್ನೂ ಸ್ವಲ್ಪ, ಎಂದುಕೊಂಡ. ಆರು ತಿಂಗಳು ಮೇಣದೊಳಗೆ ಉಸಿರಾಟವಿಲ್ಲದೆ ಕೂತಿದ್ದ ಹಸಿ ಮೊಟ್ಟೆ ಎಂಬುದನ್ನು ಮರೆತಿದ್ದ. ಅದು ಪಟಾಕಿಯಂತೆ ಸಿಡಿಯಿತು.

ವಾಸನೆ ಶೆಡ್ಡನ್ನೆಲ್ಲ ತುಂಬಿತು. ನಗರದವರು ಮೂಗು ಮುಚ್ಚಿಕೊಂಡು ಎದ್ದು ಓಡಿದರು, ಪಾದ್ರಿಗಳು ನಿಲುವಂಗಿ ಕೊಡವಿಕೊಂಡರು, ಯಾವುದೋ ಮಗು ಖುಷಿಯಿಂದ ಕಿರುಚಿತು. ಅವನ ಅಂಗಿಯ ಎದೆಯ ಮೇಲೆ, ಗಡ್ಡದ ಮೇಲೆ, ಗಾಜಿನ ಗುಮ್ಮಟದ ಮೇಲೆ ಹಸಿರು ಹಳದಿ ಕೊಳೆ. ಲೂಬಾ ಅಳುತ್ತಲೇ ಅವನಿಗೆ ಬೈದಳು. "ನಾ ಹೇಳ್ತಾ ಇದ್ದೆ ಪಕ್ಕಕ್ಕೆ ಅಂತ! ಇಷ್ಟು ವರ್ಷ ಒರೆಸಿ, ಇವತ್ತು... ನಿಮ್ಮ ಕೈಗೆ ಕೊಡಲೇಬಾರದಿತ್ತು ಕೂಮಾ, ನನ್ನದೇ ತಪ್ಪು" ಎಂದು ಬಕೆಟ್ಟು ತರಲು ಓಡಿದಳು. ಪ್ರೋಕಿಪ್ ಕುಳಿತೇ ಇದ್ದ. ಕೆಲಸ ಆಯಿತು ಎಂದುಕೊಂಡ. ಬೈಗುಳ ಮೈಮೇಲೆ ಬಿದ್ದು ಜಾರಿಹೋಯಿತು.

ಶೆಡ್ಡು ಖಾಲಿಯಾದ ಮೇಲೂ ಉಳಿದವಳು ಹಾಫಿಯಾ ಅಜ್ಜಿ. ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು, ಮೇಜು ಹಿಡಿದುಕೊಂಡು ಬಂದು, ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಬಹಳ ಹೊತ್ತು ಅವನ ತೋಳಿನ ಮೇಲಿನ ಕೊಳೆಯನ್ನು ಒರೆಸಿದಳು.

"ಬೇಕು ಅಂತಲೇ ಮಾಡ್ದೆ ಅಲ್ವಾ?"

ಅವನು ಗಡ್ಡಕ್ಕೆ ಮೆತ್ತಿದ್ದ ಕೊಳೆಯನ್ನು ಬೆರಳಿನಿಂದ ತೆಗೆಯತೊಡಗಿದ.

"ಅವಳ ತಲೆ ಹೋಗಿತ್ತು ಅಂತ ಊರಿಗೆಲ್ಲ ಗೊತ್ತಿತ್ತು ಕಣೋ. ಹೋದ ವರ್ಷ ಇದೇ ಹಬ್ಬದಲ್ಲಿ ನನ್ನ ಹತ್ರ ಬಂದು, ನಿಮ್ಮ ಹೆಸರೇನು ಅಂತ ಮೂರು ಸಲ ಕೇಳಿದ್ಳು. ಲೂಬಾಗೆ ಅವಳ ಮಗಳ ಹೆಸರು ಕೇಳಿದ್ಳು." ಅಜ್ಜಿ ಕರವಸ್ತ್ರ ಕೆಳಗೆಳೆದಳು. "ನಿನಗೊಬ್ಬನಿಗೇ ಗೊತ್ತಿಲ್ಲ ಅಂದ್ಕೊಂಡಿದ್ವಿ ನಾವು. ಪಾಪ, ಅವನ ಮುಂದೆ ಯಾರೂ ಎತ್ತಬೇಡಿ ಅಂತ ಪಾದ್ರಿಗಳೇ ಹೇಳಿದ್ರು. ಮೊಟ್ಟೆ ಹೇಗಿದ್ರೂ ಸರಿ, ಚೆನ್ನಾಗಿದೆ ಅಂತ ಎಲ್ಲರೂ ಚಪ್ಪಾಳೆ ಹೊಡೀಬೇಕು ಅಂತ ಲೂಬಾ ಮನೆಮನೆಗೂ ಫೋನ್ ಮಾಡಿದ್ಳು."

ಪ್ರೋಕಿಪ್‌ಗೆ ನಗು ಬರುವಂತಾಯಿತು, ಬರಲಿಲ್ಲ. ಅಜ್ಜಿಯ ಮುಖ ನೋಡಲಾಗದೆ ಬಗ್ಗಿ ನೆಲದ ಮೇಲಿನ ಚಿಪ್ಪು ಆರಿಸತೊಡಗಿದ. ಹೆಚ್ಚಿನವು ಮಸಿ ಹಿಡಿದು ಕರ್ರಗಾಗಿದ್ದವು. ಒಂದು ಮಾತ್ರ, ಹೆಬ್ಬೆರಳಿನ ಉಗುರಿನ ಎರಡರಷ್ಟು ದೊಡ್ಡದು, ಬೆರಳಿನ ಮರೆಯಲ್ಲಿದ್ದ ಕಡೆಯದಿರಬೇಕು, ಮಸಿ ಹತ್ತಿರಲಿಲ್ಲ. ಮೇಣ ಇನ್ನೂ ಬೆಚ್ಚಗಿತ್ತು. ಅಂಗಿಯ ತುದಿಯಿಂದ ಒಂದು ಸಲ ಒರೆಸಿದ.

ನಡುಗೆರೆಯ ತುಂಡು. ಕಪ್ಪಿನ ಮೇಲೆ ಬಿಳಿ ಅಲೆ. ತೆಕ್ಲಾ ಗೆರೆ ಹೊರಡಿಸುವ ಕಡೆ ಕಡ್ಡಿಯನ್ನು ಒಂದು ಕ್ಷಣ ತಡೆಯುತ್ತಿದ್ದಳು. ಅಲ್ಲಿ ಗೆರೆ ಸಾಸಿವೆ ಕಾಳಿನಷ್ಟು ದಪ್ಪಗಾಗುತ್ತಿತ್ತು, ಒರೆಸುವವನಿಗಲ್ಲದೆ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಆ ಕಾಳು ಅಲ್ಲಿತ್ತು. ಬಲಕ್ಕೆ ಹೊರಟ ಗೆರೆ ಅಲ್ಲಿತ್ತು. ಎಡದಿಂದ, ಇಡೀ ಮೊಟ್ಟೆಯನ್ನು ಸುತ್ತಿ ಬಂದ ಗೆರೆಯೂ ಅಲ್ಲಿತ್ತು, ಕಾಳಿಗೆ ಬಂದು ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು. ಅವನು ಬೆಳಕಿಗೆ ಹಿಡಿದು ಮತ್ತೆ ನೋಡಿದ. ಕೂಡಿತ್ತು. ಮಣಿಕಟ್ಟು ಸುಟ್ಟುಕೊಂಡು, ಹಿಮದ ಬಿಸಿಲಿನಲ್ಲಿ, ಒಬ್ಬಳೇ ಕುಳಿತು ಕೂಡಿಸಿದ್ದಳು. ಒರೆಸ್ತೀಯಾ ಎಂದು ಕೇಳಿದ್ದಳು. ಏಪ್ರಿಲಿನಿಂದ ಏನೂ ಆಗದೆ ಬಿದ್ದಿದ್ದ ಎದೆಯೊಳಗೆ ಏನೋ ಕದಲಿತು, ಅದು ದುಃಖವಲ್ಲ, ಹೆದರಿಕೆ. ಸೊಟ್ಟಗಿದ್ದಿದ್ದರೆ ಸಾಕಿತ್ತು ಎಂದು ಅವನಿಗೆ ಅನ್ನಿಸಿತು. ಸ್ಪಷ್ಟವಾಗಿ, ಇದೇ ಮಾತುಗಳಲ್ಲಿ ಅನ್ನಿಸಿತು.

ಲೂಬಾ ಬಕೆಟ್ಟಿನೊಂದಿಗೆ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅವಳ ಮುಖ ಊದಿತ್ತು. "ಏನಾದ್ರೂ ಉಳೀತಾ ಕೂಮಾ?" ಎಂದು ಕೇಳಿದಳು. ಹಾಫಿಯಾ ಅಜ್ಜಿಯೂ ಕುತ್ತಿಗೆ ಚಾಚಿದಳು. "ಕಾಣ್ತಾ ಗೆರೆ? ಹೇಗಿತ್ತು?"

ಪ್ರೋಕಿಪ್ ಮುಷ್ಟಿ ಬಿಗಿದ. ಚಿಪ್ಪು ಸದ್ದಿಲ್ಲದೆ ಪುಡಿಯಾಯಿತು.

"ಸೊಟ್ಟಗಿತ್ತು," ಎಂದ. "ಕೂಡಿರಲಿಲ್ಲ."

"ಹಾಗಿದ್ರೆ ಒಳ್ಳೇದೇ ಆಯ್ತು ಬಿಡಪ್ಪಾ," ಎಂದು ಅಜ್ಜಿ ಅವನ ಬೆನ್ನು ಸವರಿದಳು. ಲೂಬಾ ಹತ್ತಿರ ಬಂದು, ಬಕೆಟ್ಟು ಕೆಳಗಿಟ್ಟು, ಬೈದದ್ದಕ್ಕೆ ಅವನ ಕ್ಷಮೆ ಕೇಳಿದಳು. ಅವನು ಅವಳನ್ನು ಕ್ಷಮಿಸಿದ.